ಒಡೆದು ತಲುಪಿದ ಜಾಡಿ: ಚೂರು ನೋಡಿ ತಪ್ಪು ಹುಡುಕುವುದು ಹೇಗೆ

ಸಾಗರದ ನಮ್ಮ ಮನೆಯ ಹಿಂದಿನ ಕೋಣೆಯೇ ನನ್ನ ಅಂಗಡಿ. ಉಪ್ಪಿನಕಾಯಿ ಹಾಕುವ ಪಿಂಗಾಣಿ ಜಾಡಿ, ಕಾಫಿ ಕಪ್ಪು, ಮಣ್ಣಿನ ಹಣತೆ ಮಾರುತ್ತೇನೆ. ಆರ್ಡರ್ ಬರುವುದು ಆನ್‌ಲೈನ್‌ನಲ್ಲಿ, ಸಾಮಾನು ಹೋಗುವುದು ಅಂಚೆಯಲ್ಲೋ ಕೊರಿಯರ್‌ನಲ್ಲೋ. ಮೊದಲ ಎರಡು ವರ್ಷ ಏನೇ ಒಡೆದರೂ ನನ್ನ ಬಳಿ ಇದ್ದದ್ದು ಒಂದೇ ಮದ್ದು: ಮುಂದಿನ ಸಲ ಬಬಲ್ ರ‍್ಯಾಪ್ ಇನ್ನೊಂದು ಸುತ್ತು. ಖರ್ಚು ಏರಿತು, ಡಬ್ಬ ಉಬ್ಬಿತು, ಒಡೆಯುವುದು ಮಾತ್ರ ನಿಲ್ಲಲಿಲ್ಲ.

ಆಮೇಲೆ ಗೊತ್ತಾಯಿತು, ಒಡೆದದ್ದೆಲ್ಲ ಒಂದೇ ಕಾರಣಕ್ಕೆ ಒಡೆದಿರುವುದಿಲ್ಲ. ಬಿದ್ದು ಒಡೆದ ಕಪ್ಪು ಬೇರೆ, ಒತ್ತಿ ಒಡೆದ ಕಪ್ಪು ಬೇರೆ, ಪಕ್ಕದ ಕಪ್ಪಿಗೆ ತಾಗಿ ಚಕ್ಕೆ ಎದ್ದದ್ದು ಬೇರೆ. ಮೂರಕ್ಕೂ ಬಬಲ್ ರ‍್ಯಾಪ್ ಸುತ್ತುವುದು ಹೊಟ್ಟೆನೋವಿಗೂ ಹಲ್ಲುನೋವಿಗೂ ಒಂದೇ ಮಾತ್ರೆ ನುಂಗಿದ ಹಾಗೆ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದು ಗಾದೆ ಇದೆಯಲ್ಲ, ಪಾರ್ಸೆಲ್ ವಿಷಯದಲ್ಲಿ ದೊಣ್ಣೆ ಯಾರ ಕೈಲಿತ್ತು ಎಂದು ಮೊದಲು ಪತ್ತೆ ಮಾಡಬೇಕು. ಎಷ್ಟೋ ಸಲ ಅದು ನನ್ನ ಕೈಲೇ ಇತ್ತು.

ಮೊದಲ ಕೆಲಸ: ಏನನ್ನೂ ಎಸೆಯಲು ಬಿಡಬೇಡಿ

ಕೊಂಡವರು ಸಾಮಾನ್ಯವಾಗಿ ಒಂದೇ ಫೋಟೋ ಕಳಿಸುತ್ತಾರೆ. ಅಂಗೈ ಮೇಲೆ ಚೂರು, ಪಕ್ಕದಲ್ಲಿ ಅಳುಮುಖದ ಚಿಹ್ನೆ. ಅದರಿಂದ ಏನೂ ತಿಳಿಯುವುದಿಲ್ಲ. ಡಬ್ಬ ಅಷ್ಟರಲ್ಲಿ ಕಸದ ಗಾಡಿ ಹತ್ತಿರುತ್ತದೆ.

ಅದಕ್ಕೇ ನಾನು ಪ್ರತಿ ಡಬ್ಬದ ಒಳಗೆ, ಎಲ್ಲಕ್ಕಿಂತ ಮೇಲೆ, ಒಂದು ಚೀಟಿ ಇಡುತ್ತೇನೆ: "ಏನಾದರೂ ಒಡೆದಿದ್ದರೆ ಡಬ್ಬ, ಸುತ್ತಿದ ಹಾಳೆ, ಚೂರು ಯಾವುದನ್ನೂ ಎಸೆಯಬೇಡಿ. ಫೋಟೋ ಕಳಿಸಿ, ಬೇರೆ ಕಳಿಸಿಕೊಡುತ್ತೇನೆ." ಕೊನೆಯ ಮಾತು ಓದಿದ ಮೇಲೆ ಜನ ನಿಧಾನವಾಗುತ್ತಾರೆ, ಸಿಟ್ಟೂ ಇಳಿಯುತ್ತದೆ. ಬೇಕಾದ ಫೋಟೋ ಇಷ್ಟು: ಡಬ್ಬದ ಆರೂ ಮೈ, ಮುಚ್ಚಳ ತೆರೆದ ಕೂಡಲೇ ಮೇಲಿನಿಂದ ಒಂದು, ಸಾಮಾನು ತೆಗೆದ ಮೇಲೆ ಡಬ್ಬದ ತಳ, ಒಡೆದ ಚೂರುಗಳನ್ನು ಜೋಡಿಸಿಟ್ಟ ಒಂದು, ಒಡೆದ ಅಂಚು ಹತ್ತಿರದಿಂದ ಒಂದು. ತೆರೆಯುವಾಗಲೇ ವಿಡಿಯೋ ಮಾಡಿದ್ದರೆ ಇನ್ನೂ ಒಳ್ಳೆಯದು.

ಹೊರಡುವ ಮೊದಲೇ ಒಡೆದಿತ್ತೇ?

ಇದನ್ನು ಕೇಳಿಕೊಳ್ಳಲು ಯಾರಿಗೂ ಇಷ್ಟವಿಲ್ಲ, ಆದರೆ ಇಲ್ಲಿಂದಲೇ ಶುರು ಮಾಡಬೇಕು. ಒಡೆದ ಅಂಚನ್ನು ನೋಡಿ. ಈಗಷ್ಟೇ ಒಡೆದಿದ್ದರೆ ಅಂಚಿನುದ್ದಕ್ಕೂ ಒಂದೇ ಬಣ್ಣ, ಚೊಕ್ಕವಾಗಿರುತ್ತದೆ. ಸ್ವಲ್ಪ ದೂರ ಕಂದು ಗೆರೆ ಅಥವಾ ಧೂಳು ಕೂತಂತೆ ಕಂಡು, ಅಲ್ಲಿಂದ ಮುಂದೆ ಬೆಳ್ಳಗಿದ್ದರೆ ಆ ಕಂದು ಭಾಗ ಹಳೇ ಬಿರುಕು. ಅದು ಭಟ್ಟಿಯಲ್ಲೋ ನಿಮ್ಮ ಕಪಾಟಿನಲ್ಲೋ ಹುಟ್ಟಿದ್ದು. ದಾರಿಯ ಕುಲುಕಾಟ ಅದನ್ನು ಪೂರ್ತಿ ಮಾಡಿತು, ಅಷ್ಟೇ.

ಇದಕ್ಕೆ ಪರಿಹಾರ ನಮ್ಮ ಅಜ್ಜಿಯರೆಲ್ಲ ಸಂತೆಯಲ್ಲಿ ಮಾಡುತ್ತಿದ್ದದ್ದೇ. ಮಡಕೆ ಕೊಳ್ಳುವಾಗ ಬೆರಳ ಗಿಣ್ಣಿನಿಂದ ತಟ್ಟುತ್ತಿದ್ದರಲ್ಲ, ಹಾಗೆ ಪ್ಯಾಕ್ ಮಾಡುವ ಮೊದಲು ಪ್ರತಿಯೊಂದನ್ನೂ ಅಂಗೈ ಮೇಲೆ ಸಡಿಲವಾಗಿಟ್ಟು ತಟ್ಟಿ. ಗಟ್ಟಿ ಇದ್ದರೆ ದನಿ ಎಳೆಯುತ್ತದೆ, ಟಣ್ ಎನ್ನುತ್ತದೆ. ಬಿರುಕಿದ್ದರೆ ದನಿ ಅಲ್ಲೇ ಸಾಯುತ್ತದೆ, ಟಪ್. ಕಡಿಮೆ ಸುಟ್ಟ ಹಣತೆಯ ದನಿ ಮೊದಲೇ ಮಂದ, ಆದ್ದರಿಂದ ಒಂದೇ ಸುಡುವಿಕೆಯ ಹಣತೆಗಳನ್ನು ಒಂದಕ್ಕೊಂದು ಹೋಲಿಸಿ ಕೇಳಬೇಕು. ಒಂದು ಕಪ್ಪಿಗೆ ಹತ್ತು ಸೆಕೆಂಡೂ ಹಿಡಿಯುವುದಿಲ್ಲ.

ಡಬ್ಬ ನೆಟ್ಟಗಿದೆಯೇ, ಜಜ್ಜಿದೆಯೇ?

ದನಿ ಸರಿ ಇತ್ತು, ಅಂಚೂ ಚೊಕ್ಕವಾಗಿದೆ ಎಂದರೆ ಮುಂದಿನದು ಡಬ್ಬ. ಹೊರಗೆ ಏನೂ ಆಗದೆ ಒಳಗೆ ಮಾತ್ರ ಒಡೆದಿದ್ದರೆ ತಪ್ಪು ಒಳಗಿನ ಜೋಡಣೆಯಲ್ಲಿ. ಡಬ್ಬವೇ ಜಜ್ಜಿದ್ದರೆ ತಪ್ಪು ಡಬ್ಬದಲ್ಲಿ ಅಥವಾ ಅದರ ಮೇಲೆ ಬಿದ್ದ ಭಾರದಲ್ಲಿ. ಒಂದೇ ಮೂಲೆ ಒಳಕ್ಕೆ ಹೋಗಿದ್ದರೆ ಆ ಮೂಲೆಯ ಮೇಲೆ ಬಿದ್ದಿದೆ. ಚೂರಾದದ್ದೂ ಅದೇ ಮೂಲೆಯಲ್ಲಿದ್ದ ಕಪ್ಪೇ ಆಗಿದ್ದರೆ ಅನುಮಾನವೇ ಬೇಡ.

ಈ ಕವಲು ದಾಟಿದ ಮೇಲೆ ಚೂರುಗಳ ಸರದಿ.

ಕಪ್ಪಿನ ಹಿಡಿ ಮಾತ್ರ ಮುರಿದಿದೆ

ನನಗೆ ಅತಿ ಹೆಚ್ಚು ಕಾಡಿದ್ದು ಇದೇ. ಒಂದು ತಿಂಗಳಲ್ಲಿ ಮೂರು ದೂರು ಬಂದವು. ಮೂರರಲ್ಲೂ ಡಬ್ಬ ಹೊಸದರಂತಿದೆ, ಕಪ್ಪಿನ ಮೈಗೆ ಒಂದು ಗೀರಿಲ್ಲ, ಹಿಡಿ ಮಾತ್ರ ಮೇಲಿನ ಬೆಸುಗೆಯಲ್ಲಿ ಕಳಚಿದೆ. ಆ ಕೊರಿಯರ್‌ನವರ ಜೊತೆ ಜಗಳಕ್ಕೆ ನಿಂತೆ. ಆಮೇಲೆ ಕೋಣೆಗೆ ಬಂದು ನಾನೇ ಕಟ್ಟಿಟ್ಟಿದ್ದ ಇನ್ನೊಂದು ಡಬ್ಬ ಬಿಚ್ಚಿ ನೋಡಿದೆ. ಬಬಲ್ ರ‍್ಯಾಪನ್ನು ಕಪ್ಪಿನ ಸುತ್ತ ಬಿಗಿಯಾಗಿ ಎಳೆದು ಟೇಪು ಹಚ್ಚಿದ್ದೆ. ಬಿಗಿತವೆಲ್ಲ ಹೋಗಿ ಕೂತದ್ದು ಹೊರಗೆ ಚಾಚಿದ ಹಿಡಿಯ ಮೇಲೆ. ಸಾಲದೆಂಬಂತೆ ಹಿಡಿ ನೇರವಾಗಿ ಡಬ್ಬದ ಗೋಡೆಗೆ ಮುಖ ಮಾಡಿತ್ತು. ಡಬ್ಬ ಪಕ್ಕಕ್ಕೆ ಬಿದ್ದರೆ ಇಡೀ ಕಪ್ಪಿನ ಭಾರ ಹೊರುವುದು ಕಿರುಬೆರಳಿನಷ್ಟು ದಪ್ಪದ ಮಣ್ಣಿನ ಕಡ್ಡಿ!

ಈಗ ಮಾಡುವುದು ಹೀಗೆ. ಮೊದಲು ಹಿಡಿಯ ತೂತಿನೊಳಗೆ ಮೆತ್ತನೆ ಕಾಗದದ ಸುರುಳಿ ತೂರಿಸುತ್ತೇನೆ. ಹಿಡಿಯ ಎರಡೂ ಪಕ್ಕದಲ್ಲಿ ಕಾಗದ ತುಂಬಿ, ಹಿಡಿ ಎಲ್ಲಿದೆ ಎಂದು ಹೊರಗಿನಿಂದ ಗೊತ್ತಾಗದಷ್ಟು ದುಂಡಗೆ ಮಾಡುತ್ತೇನೆ. ಅದರ ಮೇಲೆ ಬಬಲ್ ರ‍್ಯಾಪ್, ಎಳೆಯದೆ, ಸುಮ್ನೆ ಸುತ್ತಿದಂತೆ. ಡಬ್ಬದೊಳಗೆ ಇಡುವಾಗ ಹಿಡಿಯನ್ನು ಮೂಲೆಯ ಕಡೆ ತಿರುಗಿಸುತ್ತೇನೆ. ದುಂಡನೆಯ ಕಪ್ಪಿಗೂ ಚೌಕ ಡಬ್ಬಕ್ಕೂ ನಡುವೆ ಜಾಗ ಸಿಗುವುದೇ ಮೂಲೆಯಲ್ಲಿ.

ಒಂದು ಎಚ್ಚರಿಕೆ. ಹಿಡಿ ಮುರಿದ ಜಾಗವನ್ನು ಚೆನ್ನಾಗಿ ನೋಡಿ. ಒರಟಾಗಿದ್ದು, ಕಪ್ಪಿನ ಮೈಯಿಂದ ಒಂದು ಚಕ್ಕೆಯನ್ನೂ ಕಿತ್ತುಕೊಂಡು ಬಂದಿದ್ದರೆ ಪೆಟ್ಟು ಬಿದ್ದು ಮುರಿದದ್ದು. ನುಣ್ಣಗೆ, ಅಂಟಿಸಿದ ಚೀಟಿ ಎದ್ದು ಬಂದಂತಿದ್ದರೆ ಹಿಡಿ ಕೂರಿಸುವಾಗಲೇ ಸರಿಯಾಗಿ ಹಿಡಿದಿರಲಿಲ್ಲ. ಹಸಿ ಮಣ್ಣಿನಲ್ಲಿ ಎರಡೂ ಕಡೆ ಗೀರು ಹಾಕಿ, ಕೆಸರಿನಂಥ ತೆಳು ಮಣ್ಣು ಬಳಿದು ಒತ್ತಬೇಕು. ಆ ಕೆಲಸ ತಪ್ಪಿದ್ದರೆ ನೀವು ಹತ್ತಿಯಲ್ಲಿ ಮುಚ್ಚಿ ಕಳಿಸಿದರೂ ಒಂದು ದಿನ ಹಿಡಿ ಕೈಗೆ ಬರುತ್ತದೆ. ಆ ದೂರು ಹೋಗಬೇಕಾದದ್ದು ಕಪ್ಪು ಮಾಡಿದವರ ಬಳಿಗೆ.

ಬಾಯಂಚಿನಲ್ಲಿ ಚಕ್ಕೆ, ಡಬ್ಬದ ತಳದಲ್ಲಿ ಬಿಳಿ ಪುಡಿ

ಪುಡಿ ಕಂಡರೆ ಸಾಮಾನು ಬಿದ್ದದ್ದಕ್ಕಿಂತ ಉಜ್ಜಿಕೊಂಡದ್ದು ಜಾಸ್ತಿ. ಲಾರಿ ಓಡುವಷ್ಟು ಹೊತ್ತೂ ಡಬ್ಬ ಸಣ್ಣಗೆ ನಡುಗುತ್ತಿರುತ್ತದೆ. ಎರಡು ಕಪ್ಪುಗಳು ಎಲ್ಲೋ ಒಂದು ಕಡೆ ಮುಟ್ಟಿಕೊಂಡಿದ್ದರೆ ರಾತ್ರಿಯಿಡೀ ಒಂದನ್ನೊಂದು ತಿನ್ನುತ್ತವೆ.

ಹೊರಡುವಾಗ ಮುಟ್ಟಿಕೊಂಡಿರಲಿಲ್ಲವಲ್ಲ ಎಂದು ನಾನೂ ವಾದ ಮಾಡಿದ್ದೆ. ತಪ್ಪು ಹಳೇ ಪೇಪರ್‌ನದು. ಉಂಡೆ ಮಾಡಿ ತುರುಕಿದ ಪೇಪರ್ ಹೊರಡುವಾಗ ಬಿಗಿಯಾಗೇ ಇರುತ್ತದೆ. ಕುಲುಕಿದಂತೆ ಅದು ಕುಗ್ಗಿ ಕೆಳಗಿಳಿಯುತ್ತದೆ, ಮೇಲೆ ಜಾಗ ಬಿಡುತ್ತದೆ. ಖಾಲಿ ಜಾಗ ಸಿಕ್ಕ ಕಪ್ಪು ಓಡಾಡಲು ಶುರು ಮಾಡುತ್ತದೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಪೇಪರ್ ಡಬ್ಬದ ಬಾಯಿಗಿಂತ ಕೆಳಗೆ ಕೂತಿದ್ದರೆ ಇದೇ ಕಥೆ. ಪೇಪರ್ ಬಳಸಲೇಬಾರದು ಎಂದಲ್ಲ. ಬಿಗಿಯಾಗಿ ಮುದುಡಿ, ಕೈಯಲ್ಲಿ ಒತ್ತಿ ಒತ್ತಿ ತುಂಬಿ, ಅರ್ಧ ಗಂಟೆ ಬಿಟ್ಟು ಮತ್ತೆ ತುಂಬಿ. ಕಪ್ಪುಗಳ ನಡುವೆ ರಟ್ಟಿನ ಅಡ್ಡಗೋಡೆ ಕಡ್ಡಾಯ. ಪೇಪರ್ ಕುಗ್ಗಿದರೂ ರಟ್ಟು ನಿಲ್ಲುತ್ತದೆ. ಬಿಳಿ ಪಿಂಗಾಣಿಗೆ ಪೇಪರಿನ ಮಸಿ ಹತ್ತುತ್ತದೆ, ಆದ್ದರಿಂದ ಮೈಗೆ ತಾಗುವ ಮೊದಲ ಸುತ್ತು ಅಚ್ಚಿಲ್ಲದ ಕಾಗದದ್ದಿರಲಿ.

ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಬೇಡಿ. ಗೂಡಿನಲ್ಲಿ ಪುಸ್ತಕ ನಿಲ್ಲಿಸಿದಂತೆ ಅಂಚಿನ ಮೇಲೆ ನಿಲ್ಲಿಸಿ.

ಜಾಡಿಯ ತಳ ಸೀಳಿದೆ

ದೊಡ್ಡ ಜಾಡಿ ಕಳಿಸುವವರು ಇಲ್ಲಿ ಸ್ವಲ್ಪ ನಿಲ್ಲಿ. ಒಂದು ಮೀಟರ್ ಎತ್ತರದಿಂದ, ಅಂದರೆ ಸುಮಾರು ಸೊಂಟದ ಮಟ್ಟದಿಂದ, ಡಬ್ಬ ಕೈಜಾರಿತು ಎಂದುಕೊಳ್ಳಿ. ಬಿದ್ದ ಜಾಡಿ ನಿಲ್ಲಲು ಎಷ್ಟು ದೂರ ತೆಗೆದುಕೊಳ್ಳುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಬಿದ್ದ ಎತ್ತರವನ್ನು ನಿಂತ ದೂರದಿಂದ ಭಾಗಿಸಿ. ಕೆಳಗಿನ ಮೆತ್ತೆ 2 ಸೆಂ.ಮೀ. ಕುಗ್ಗಿ ನಿಲ್ಲಿಸಿದರೆ ಜಾಡಿಯ ಮೇಲೆ ಸರಾಸರಿ ಅದರ ತೂಕದ 50 ಪಟ್ಟು ಬಲ ಬೀಳುತ್ತದೆ. 2 ಮಿ.ಮೀ.ನಲ್ಲೇ ನಿಂತರೆ 500 ಪಟ್ಟು. 2 ಕಿಲೋ ಜಾಡಿಗೆ ಮೊದಲನೆಯದು 100 ಕಿಲೋ ಹೇರಿದ ಹಾಗೆ, ಎರಡನೆಯದು 1000 ಕಿಲೋ.

ಹಾಗಾದರೆ ಬಬಲ್ ರ‍್ಯಾಪ್ ನಾಲ್ಕು ಸುತ್ತಿದ್ದರೂ ತಳ ಯಾಕೆ ಸೀಳಿತು? ಭಾರದ ಜಾಡಿಗೆ ಸಣ್ಣ ಗುಳ್ಳೆ ಸಾಲದು. ಬಿದ್ದ ಕ್ಷಣದಲ್ಲಿ ಗುಳ್ಳೆ ಒಡೆದು ಚಪ್ಪಟೆಯಾಗುತ್ತದೆ, ಜಾಡಿ ನೇರ ರಟ್ಟಿಗೆ, ರಟ್ಟು ನೇರ ನೆಲಕ್ಕೆ. ಫೋಟೋದಲ್ಲಿ ತಳದ ಬಬಲ್ ರ‍್ಯಾಪ್ ನೋಡಿ. ಗುಳ್ಳೆಗಳೆಲ್ಲ ಸತ್ತು ಬರೀ ಪ್ಲಾಸ್ಟಿಕ್ ಹಾಳೆ ಉಳಿದಿದ್ದರೆ ಮೆತ್ತೆ ಸೋತಿದೆ. ನಾನು ಈಗ ತಳಕ್ಕೆ ರಟ್ಟಿನ ಪಟ್ಟಿಗಳನ್ನು ಹಾರ್ಮೋನಿಯಂ ತಿದಿಯ ಹಾಗೆ ಮಡಚಿ ಇಡುತ್ತೇನೆ, 5 ಸೆಂ.ಮೀ. ದಪ್ಪ. ಅದು ನಿಧಾನಕ್ಕೆ ಕುಸಿಯುತ್ತದೆ, ಜಾಡಿಯನ್ನು ನಿಧಾನಕ್ಕೆ ನಿಲ್ಲಿಸುತ್ತದೆ. ಒಂದು ಸಲ ಕುಸಿದರೆ ಅದರ ಕೆಲಸ ಮುಗಿಯಿತು. ಮತ್ತೆ ಬಳಸಬಾರದು.

ಜಾಡಿಯ ಮುಚ್ಚಳವನ್ನು ಜಾಡಿಯ ಮೇಲೇ ಇಟ್ಟು ಸುತ್ತುವುದು ಇನ್ನೊಂದು ತಪ್ಪು. ಬಿದ್ದಾಗ ಮುಚ್ಚಳವೇ ಸುತ್ತಿಗೆಯಾಗುತ್ತದೆ. ಬೇರೆ ಸುತ್ತಿ, ಬೇರೆ ಇಡಿ. ಜಾಡಿಯ ಹೊಟ್ಟೆಯೊಳಗೆ ಹಾಕಿದರೆ ಜಾಗ ಉಳಿಯುತ್ತದೆ ಎಂದು ಆಸೆ ಬೇಡ. ನಾನು ಆ ಆಸೆಗೆ ಎರಡು ಜಾಡಿ ಕಳೆದುಕೊಂಡಿದ್ದೇನೆ.

ಒಂದೇ ಬಿಂದುವಿನಿಂದ ನಕ್ಷತ್ರದ ಹಾಗೆ ಬಿರುಕು ಹರಡಿದ್ದರೆ ಏನೋ ಚೂಪಾದದ್ದು ಅಲ್ಲಿ ತಗುಲಿದೆ. ಅದೇ ಜಾಗದಲ್ಲಿ ಡಬ್ಬದ ಮೇಲೆ ಗುಂಡಿ ಹುಡುಕಿ. ಸಿಕ್ಕರೆ ಜಾಡಿ ಗೋಡೆಗೆ ತೀರಾ ಹತ್ತಿರವಿತ್ತು ಎಂದರ್ಥ. ಎಲ್ಲ ಕಡೆ ಕನಿಷ್ಠ 5 ಸೆಂ.ಮೀ. ಬಿಡಿ, ಮೇಲೂ ಸೇರಿ.

ಎಲ್ಲವೂ ನುಚ್ಚುನೂರು, ಡಬ್ಬ ಚಪ್ಪಟೆ

ಇಲ್ಲಿ ಬಿದ್ದದ್ದಲ್ಲ, ಮೇಲೆ ಹೇರಿದ್ದು. ಗಾಡಿಯಲ್ಲಿ ನಿಮ್ಮ ಡಬ್ಬದ ಮೇಲೆ ಯಾರದೋ ಅಕ್ಕಿ ಮೂಟೆ ಕೂರುವುದಿಲ್ಲ ಎಂದು ಯಾರೂ ಮಾತು ಕೊಟ್ಟಿಲ್ಲ. ರಟ್ಟಿನ ಒಳಗಿನ ಅಲೆ ಅಲೆ ಗೆರೆಗಳು ನಿಂತ ಕಂಬಗಳ ಹಾಗೆ ಭಾರ ಹೊರುತ್ತವೆ. ಡಬ್ಬವನ್ನು ಅಡ್ಡ ಮಲಗಿಸಿ ತುಂಬಿದರೆ ಕಂಬಗಳೂ ಮಲಗುತ್ತವೆ. ಆದ್ದರಿಂದ ಗೆರೆ ಮೇಲಿಂದ ಕೆಳಕ್ಕೆ ಇರುವಂತೆ ತುಂಬಿ. ಕಪ್ಪಿನ ಸೆಟ್‌ಗೆ 3 ಪ್ಲೈ, ಅಂದರೆ ಮೂರು ಪದರದ, ಡಬ್ಬ ಸಾಕು ಎಂದು ಅಂಗಡಿಯವರು ಹೇಳುತ್ತಾರೆ. ಪಿಂಗಾಣಿಗೆ ನಾನು 5 ಪ್ಲೈ ಬಿಟ್ಟು ಬೇರೆ ಬಳಸುವುದಿಲ್ಲ. ಕಿರಾಣಿ ಅಂಗಡಿಯಿಂದ ತಂದ ಹಳೇ ಡಬ್ಬ ನೋಡಲು ಗಟ್ಟಿ ಕಾಣಬಹುದು, ಆದರೆ ಅದರ ಮಡಿಕೆಗಳಲ್ಲಿ ಕಂಬ ಆಗಲೇ ಮುರಿದಿರುತ್ತದೆ.

ಜಾಸ್ತಿ ತುಂಬುವುದೂ ದೋಷವೇ. ಮುಚ್ಚಳ ಒತ್ತಿ ಹಿಡಿದು ಟೇಪು ಹಚ್ಚಬೇಕಾಯಿತೇ? ಹಾಗಾದರೆ ಡಬ್ಬ ಉಬ್ಬಿದೆ, ಗೋಡೆಗಳು ಬಾಗಿವೆ. ಬಾಗಿದ ಗೋಡೆ ಭಾರ ಹೊರುವುದಿಲ್ಲ, ಮೇಲಿನ ಭಾರ ನೇರ ಕಪ್ಪಿಗಿಳಿಯುತ್ತದೆ. ನನ್ನ "ಇನ್ನೊಂದು ಸುತ್ತು" ಮದ್ದು ಕೆಟ್ಟದ್ದು ಇಲ್ಲೇ.

ಮಳೆಗಾಲದ ಕಾಯಿಲೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ದೂರುಗಳು ಏರುತ್ತಿದ್ದವು. ಪ್ಯಾಕಿಂಗ್ ಅದೇ, ಕೈಯೂ ಅದೇ. ಕೊನೆಗೆ ಹೊಳೆದದ್ದು ಮಲೆನಾಡಿನವರಿಗೆ ಮೊದಲೇ ಹೊಳೆಯಬೇಕಿತ್ತು. ಹಪ್ಪಳ ಮೆತ್ತಗಾಗುವ ಮನೆಯಲ್ಲಿ ರಟ್ಟು ಗಟ್ಟಿಯಾಗಿರುತ್ತದೆಯೇ? ರಟ್ಟು ಗಾಳಿಯ ತೇವ ಹೀರುತ್ತದೆ. ತುಂಬಾ ತೇವವಿದ್ದರೆ ಅದರ ಭಾರ ಹೊರುವ ಶಕ್ತಿ ಅರ್ಧಕ್ಕೂ ಇಳಿಯಬಹುದು. ಒದ್ದೆಯಾಗಬೇಕೆಂದೇ ಇಲ್ಲ, ನೆಲದ ಮೇಲೆ ಜೋಡಿಸಿಟ್ಟರೂ ಸಾಕು.

ಪರೀಕ್ಷೆ ಸುಲಭ. ಖಾಲಿ ಡಬ್ಬದ ಅಂಚನ್ನು ಎರಡು ಬೆರಳಲ್ಲಿ ಚಿವುಟಿ. ಚುರುಕಾಗಿ ಎದುರು ನಿಂತರೆ ಸರಿ, ಬ್ರೆಡ್ಡಿನ ಹಾಗೆ ಅದುಮಿಕೊಂಡರೆ ಅಂದು ಪ್ಯಾಕಿಂಗ್ ಬೇಡ. ನಾನು ಡಬ್ಬಗಳನ್ನು ಅಡುಗೆಮನೆಯ ಅಟ್ಟಕ್ಕೆ ಏರಿಸಿದೆ. "ಎಂಥದು ಮಾರಾಯ್ತಿ, ಅಡಿಕೆ ಇಡುವ ಜಾಗಕ್ಕೆಲ್ಲ ರಟ್ಟು ತುಂಬಿದೀಯಲ್ಲ" ಎಂದು ಅಮ್ಮ ಗೊಣಗಿದರು. ಗೊಣಗಲಿ, ಒಲೆಯ ಬಿಸಿಗೆ ಡಬ್ಬ ಬೆಚ್ಚಗಿರುತ್ತದೆ.

ತೇವದ, ಧೂಳಿನ ರಟ್ಟಿಗೆ ಟೇಪೂ ಹಿಡಿಯುವುದಿಲ್ಲ. ತಳ ಬಿಚ್ಚಿಕೊಂಡು ಬಂದ ಪಾರ್ಸೆಲ್‌ನಲ್ಲಿ ಟೇಪಿನ ಅಂಟಿನ ಕಡೆ ನೋಡಿ. ರಟ್ಟಿನ ನಾರು ಕಿತ್ತುಕೊಂಡು ಬಂದಿದ್ದರೆ ಟೇಪು ಕೆಲಸ ಮಾಡಿದೆ, ಭಾರ ಜಾಸ್ತಿಯಾಗಿತ್ತು. ಅಂಟು ಚೊಕ್ಕವಾಗಿದ್ದರೆ ಟೇಪು ಹಿಡಿದೇ ಇರಲಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ, 2 ಇಂಚಿನ ಟೇಪನ್ನು ನಡುವಿನ ಸೀಳಿಗೂ ಎರಡು ಪಕ್ಕದ ಅಂಚಿಗೂ ಹಚ್ಚಿ, ಬೆರಳಿನಿಂದ ಉಜ್ಜಿ. ಮಳೆಗಾಲದಲ್ಲಿ ಒಳಗಿನ ಸಾಮಾನನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ.

ಹುಲ್ಲಿನ ವಿಷಯ ತುಂಬಾ ಜನ ಕೇಳುತ್ತಾರೆ. ಗಾಡಿಗಟ್ಟಲೆ ಮಡಕೆ ಭತ್ತದ ಹುಲ್ಲಿನಲ್ಲೇ ಊರೂರು ಸುತ್ತಿದೆಯಲ್ಲ ಎಂದು. ನಿಜ, ಹುಲ್ಲು ಒಳ್ಳೇ ಮೆತ್ತೆ, ಒತ್ತಿದರೆ ಮತ್ತೆ ಏಳುತ್ತದೆ. ಬೇಸಿಗೆಯಲ್ಲಿ ಹತ್ತಿರದ ಊರಿಗೆ ಧಾರಾಳವಾಗಿ ಬಳಸಿ. ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ. ಹೊರದೇಶಕ್ಕಂತೂ ಬೇಡವೇ ಬೇಡ. ಆಸ್ಟ್ರೇಲಿಯಾದಲ್ಲಿರುವ ಮಗಳಿಗೆಂದು ಹುಲ್ಲಿನಲ್ಲಿ ಸುತ್ತಿ ಕಳಿಸಿದರೆ ಅಲ್ಲಿ ಗಡಿಯಲ್ಲೇ ತಡೆಯುತ್ತಾರೆ. ಹುಲ್ಲಿನ ಜೊತೆ ಹುಳ, ರೋಗ ಬರುತ್ತದೆ ಎಂಬ ಭಯ ಅವರಿಗೆ.

ಸರಿಯಾಯಿತು ಎಂದು ಗೊತ್ತಾಗುವುದು ಹೇಗೆ?

ಕಾರಣ ಹುಡುಕಿ ಪ್ಯಾಕಿಂಗ್ ಬದಲಿಸಿದ ಮೇಲೆ ಕೊಂಡವರ ಮೇಲೆ ಪ್ರಯೋಗ ಮಾಡಬೇಡಿ. ಮೊದಲು ಡಬ್ಬ ಅಲುಗಾಡಿಸಿ ಕಿವಿಗೊಡಿ. ಏನೂ ಕೇಳಬಾರದು, ಕೈಗೂ ಏನೂ ಸರಿದಂತೆ ಅನಿಸಬಾರದು. ಆಮೇಲೆ ಮಾರಲು ಬಾರದ ಸೊಟ್ಟ ಕಪ್ಪುಗಳನ್ನು ಅದೇ ರೀತಿ ಪ್ಯಾಕ್ ಮಾಡಿ ಬೀಳಿಸಿ. ಪ್ಯಾಕಿಂಗ್ ಪರೀಕ್ಷಿಸುವವರು ಒಂದು ಕ್ರಮ ಇಟ್ಟುಕೊಂಡಿದ್ದಾರೆ: ಒಂದು ಮೂಲೆ, ಆ ಮೂಲೆಗೆ ಸೇರುವ ಮೂರು ಅಂಚು, ಆರು ಮೈ, ಒಟ್ಟು 10 ಸಲ. ಒಂಬತ್ತು ಕಿಲೋ ಒಳಗಿನ ಡಬ್ಬಕ್ಕೆ ಎತ್ತರ 76 ಸೆಂ.ಮೀ., ಅಂದರೆ ಊಟದ ಮೇಜಿನಷ್ಟು. ಸಿಮೆಂಟ್ ನೆಲದ ಮೇಲೆ ಮಾಡಿ, ಹಾಸಿಗೆ ಮೇಲಲ್ಲ. ಮೊದಲ ಸಲ ಮೂಲೆ ಮೇಲೆ ಬೀಳಿಸುವಾಗ ಎದೆ ಝಲ್ ಎನ್ನುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಮನೆಯ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಎರಡು ಸಲ ಹೇಳಬೇಕಿಲ್ಲ.

"ಒಡೆಯುವ ವಸ್ತು" ಎಂಬ ಕೆಂಪು ಚೀಟಿಯನ್ನು ನಾನೂ ಅಂಟಿಸುತ್ತೇನೆ, ಗಾಜಿನ ಲೋಟದ ಚಿತ್ರವನ್ನೂ. ಅದನ್ನೇ ನಂಬಿಕೊಂಡು ಮೆತ್ತೆ ಕಡಿಮೆ ಮಾಡಬೇಡಿ. ಕೌಂಟರಿನಲ್ಲಿದ್ದವರು ಒಮ್ಮೆ ನಗುತ್ತಾ ಹೇಳಿದರು, "ಮೇಡಂ, ಚೀಲದೊಳಗೆ ಹೋದ ಮೇಲೆ ಚೀಟಿ ಓದೋರು ಯಾರು?"

ದುಡ್ಡಿನ ಲೆಕ್ಕ

ಡಬ್ಬ ದೊಡ್ಡದಾದಷ್ಟೂ ಸಾಮಾನು ಕ್ಷೇಮ, ಜೇಬಿಗೆ ಮಾತ್ರ ಕತ್ತರಿ. ಬಹಳಷ್ಟು ಕೊರಿಯರ್‌ಗಳು ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. ಅದು ನಿಜವಾದ ತೂಕಕ್ಕಿಂತ ಜಾಸ್ತಿ ಬಂದರೆ ದುಡ್ಡು ಅದಕ್ಕೇ. 40×30×30 ಡಬ್ಬ ಎಂದರೆ 7.2 ಕಿಲೋ, ಒಳಗೆ 3 ಕಿಲೋ ಸಾಮಾನಿದ್ದರೂ. 30×25×25 ಆದರೆ 3.75. ಹಾಗಾಗಿ ಡಬ್ಬದೊಳಗೆ ಡಬ್ಬ ಇಡುವ ವೈಭವ ನನ್ನದು ದೊಡ್ಡ ಜಾಡಿಗೆ ಮಾತ್ರ. ಕಪ್ಪಿಗೆ ಅಡ್ಡಗೋಡೆ ಸಾಕು. ಹಣತೆಗೆ ಅದೂ ಬೇಡ, ಎರಡೆರಡನ್ನು ಬೆನ್ನಿಗೆ ಬೆನ್ನು ಹಚ್ಚಿ ನಡುವೆ ಕಾಗದ ಮಡಚಿಟ್ಟು ಸುತ್ತುತ್ತೇನೆ.

ಬೆಲೆಬಾಳುವ ಸಾಮಾನಾದರೆ ಕೌಂಟರಿನಲ್ಲೇ ವಿಮೆ ಕೇಳಿ. ಒಡೆದದ್ದಕ್ಕೆ ಪರಿಹಾರ ಕೊಡುತ್ತಾರೋ, ಕಳೆದುಹೋದರೆ ಮಾತ್ರವೋ ಎಂದು ಆಗಲೇ ಬಾಯಿಬಿಟ್ಟು ಕೇಳಿ. ಕಳಿಸುವ ಮೊದಲು ತೆರೆದ ಡಬ್ಬದ ಒಂದು ಫೋಟೋ, ಮುಚ್ಚಿದ ಮೇಲೆ ತೂಕದ ಯಂತ್ರದ ಮೇಲಿಟ್ಟ ಒಂದು ಫೋಟೋ, ಸ್ಪೀಡ್ ಪೋಸ್ಟ್ ಆದರೆ ರಸೀದಿಯ 13 ಅಕ್ಷರ-ಅಂಕಿಯ ನಂಬರ್, ಇಷ್ಟು ಫೋನಿನಲ್ಲಿರಲಿ. ವಾದಕ್ಕೆ ನಿಂತಾಗ ಕೆಲಸಕ್ಕೆ ಬರುವುದು ಇದೇ.

ಇಷ್ಟೆಲ್ಲ ಮಾಡಿದರೂ ಹಣತೆಯ ಬತ್ತಿ ಇಡುವ ಮೂತಿ ಆಗೀಗ ಚಕ್ಕೆ ಏಳುತ್ತದೆ. ಕಡಿಮೆ ಸುಟ್ಟ ಮಣ್ಣು, ತೆಳು ಅಂಚು, ಅಲ್ಲಿ ಎಷ್ಟು ಕಾಗದ ಸುತ್ತಿದರೂ ಪೂರ್ತಿ ಗೆದ್ದಿಲ್ಲ. ಅದಕ್ಕೆ ಹನ್ನೆರಡರ ಸೆಟ್‌ನಲ್ಲಿ ಹದಿಮೂರು ಹಣತೆ ಇಡುತ್ತೇನೆ. ಒಡೆದರೆ ಬೇರೆ ಪಾರ್ಸೆಲ್ ಕಳಿಸುವ ಖರ್ಚಿಲ್ಲ, ಒಡೆಯದಿದ್ದರೆ ಅವರ ತುಳಸಿಕಟ್ಟೆಗೆ ಒಂದು ದೀಪ ಜಾಸ್ತಿ.